ಸಿನಿಮಾದಲ್ಲಿಲ್ಲದ ಕೊನೆಯ ಅಧ್ಯಾಯ

ನಮ್ಮತ್ತೆ ವಾರಪತ್ರಿಕೆಯ ಧಾರಾವಾಹಿಗಳನ್ನು ಕಂತು ಕಂತಾಗಿ ಕತ್ತರಿಸಿ, ದಬ್ಬಳದಿಂದ ಹೊಲಿದು, ಹಳೆಯ ಕ್ಯಾಲೆಂಡರಿನ ರಟ್ಟು ಹಾಕಿ ಪುಸ್ತಕ ಮಾಡಿಡುತ್ತಿದ್ದರು. ಬಸವನಗುಡಿಯ ಆ ಮನೆಗೆ ನಾನು ಸೊಸೆಯಾಗಿ ಬಂದಾಗ ಅಂಥವು ಒಂದು ಬೀರು ತುಂಬ ಇದ್ದವು. ಅವರ ಅಚ್ಚುಮೆಚ್ಚಿನ ಕಾದಂಬರಿಗೆ ಮಾತ್ರ ಕೊನೆಯ ಕಂತೇ ಇರಲಿಲ್ಲ. ಆ ವಾರದ ಸಂಚಿಕೆಯನ್ನು ಯಾರೋ ಓದಲು ಒಯ್ದವರು ಹಿಂದಿರುಗಿಸಿರಲಿಲ್ಲವಂತೆ. ಗಂಡ ಸತ್ತ ಸೊಸೆ ಟೀಚರ್ ಕೆಲಸಕ್ಕೆ ಹೋಗುತ್ತೇನೆ ಎನ್ನುತ್ತಾಳೆ, ಅತ್ತೆ ಕೂಡದು ಎನ್ನುತ್ತಾಳೆ. ಕತೆ ಅಲ್ಲಿಗೇ ನಿಂತಿತ್ತು.

ತೊಂಬತ್ತರ ದಶಕದ ನಡುವೆ ನನಗೂ ಚಾಮರಾಜಪೇಟೆಯ ಒಂದು ನರ್ಸರಿ ಶಾಲೆಯಲ್ಲಿ ಕೆಲಸ ಸಿಕ್ಕಿತು. ಸೇರುವುದಕ್ಕೆ ಎಂಟು ದಿನವಿದ್ದಾಗ, ಒಂದು ಭಾನುವಾರ, ಅದೇ ಕಾದಂಬರಿಯ ಸಿನಿಮಾ ಟಿ.ವಿ.ಯಲ್ಲಿ ಬಂತು.

ಕಾನ್ವೆಂಟಿನಲ್ಲಿ ಓದಿದ ನಾನು ಕನ್ನಡವನ್ನು ಅಕ್ಷರ ಕೂಡಿಸಿ ಓದುತ್ತಿದ್ದೆ. ಹಾಗೆ ಓದಿದ್ದರಿಂದಲೇ ಏನೋ, ಪುಸ್ತಕದ ಸಣ್ಣಪುಟ್ಟದ್ದೆಲ್ಲ ನೆನಪಿತ್ತು. ಅಲ್ಲಿ ಅತ್ತೆ ತುಪ್ಪವಿಟ್ಟ ಗೂಡಿಗೆ ಬೀಗ ಹಾಕುತ್ತಾಳೆ. ಸಿನಿಮಾದಲ್ಲಿ ಸೊಸೆಯ ತಲೆ ನೇವರಿಸುತ್ತಾಳೆ. ಅಲ್ಲಿ ಸೊಸೆಯ ರವಿಕೆ ಕಂಕುಳಲ್ಲಿ ಹರಿದಿದೆ. ಇಲ್ಲಿ ಇಸ್ತ್ರಿ ಮುರಿದಿಲ್ಲ. ಕೊನೆಗೆ ಅವಳು ಕೆಲಸದ ಕಾಗದ ಹರಿದು ಅತ್ತೆಯ ಕಾಲಿಗೆ ಬಿದ್ದಳು.

“ನೋಡಿದ್ಯೇನೇ? ಅವಳಿಗೆ ಬುದ್ಧಿ ಬಂತು. ನಿನಗ್ಯಾವಾಗ ಬರತ್ತೋ!” ಎಂದರು ಅತ್ತೆ. “ನಾಳೇನೇ ಹೋಗಿ ಆ ಸ್ಕೂಲ್‌ನೋರಿಗೆ ಬರಲ್ಲ ಅಂತ ಹೇಳ್ಬಿಟ್ಟು ಬಾ.”

“ಅಮ್ಮ ಹೇಳಿದ್ಮೇಲೆ ಮುಗೀತಲ್ಲ,” ಎಂದರು ನನ್ನ ಯಜಮಾನರು, ಪೇಪರಿನಿಂದ ಮುಖ ಎತ್ತದೆ.

ಮರುದಿನ ನಾನು ಹೋದದ್ದು ಶಾಲೆಗಲ್ಲ, ಲೈಬ್ರರಿಗೆ. ಅಚ್ಚಾದ ಕಾದಂಬರಿ ಅಲ್ಲಿತ್ತು. ಕೊನೆಯ ಅಧ್ಯಾಯವನ್ನು ನಿಂತಲ್ಲೇ ಎರಡು ಸಲ ಓದಿ, ಮನೆಗೆ ತಂದೆ.

ಮಧ್ಯಾಹ್ನ ಅತ್ತೆ ಚಾಪೆಯ ಮೇಲೆ ಅಡ್ಡಾಗಿದ್ದರು. “ಅಮ್ಮ, ನಿಮ್ಮ ಕತೆ ಕೊನೆ ಸಿಕ್ತು. ಓದ್ಲಾ?”

“ಅಯ್ಯೋ, ಇಷ್ಟು ವರ್ಷಕ್ಕೆ!” ಎಂದು ಮಗುವಿನ ಹಾಗೆ ಎದ್ದು ಕೂತರು. “ಓದೇ, ನಿಧಾನಕ್ಕೆ ಓದು. ನಿನ್ನ ಕನ್ನಡ ಬೇರೆ.”

ನಿಧಾನಕ್ಕೇ ಓದಿದೆ. ಸೊಸೆ ಕೆಲಸಕ್ಕೆ ಸೇರಿ ಬೇರೆ ಮನೆ ಮಾಡುತ್ತಾಳೆ. ಅತ್ತೆ ಹಾಸಿಗೆ ಹಿಡಿಯುತ್ತಾಳೆ. ಬಾಯಾರಿ ಸೊಸೆಯ ಹೆಸರು ಹಿಡಿದು ಕೂಗುತ್ತಾಳೆ, ಯಾರೂ ಬರುವುದಿಲ್ಲ. ನಮ್ಮತ್ತೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತತೊಡಗಿದ್ದರು.

“ಸಾಕು ಬಿಡು.”

“ಇನ್ನೊಂದೇ ಪುಟ ಅಮ್ಮ.” ಮುಗಿಸಿದೆ. ಎಲ್ಲೂ ತಡವರಿಸಲಿಲ್ಲ.

“ಸಿನಿಮಾದೋರೇ ವಾಸಿ. ಅವರಿಗೆ ಕರುಳು ಅನ್ನೋದಿತ್ತು,” ಎಂದರು.

“ಹೌದಮ್ಮ. ಬರೆದೋರು ಪಾಪ, ಮನೆ ಒಳಗೆ ನೋಡಿದ್ದನ್ನ ಬರೆದಿದಾರೆ,” ಎಂದೆ, ನಗುತ್ತಲೇ.

ಮುಂದಿನ ಸೋಮವಾರ ಶಾಲೆಗೆ ಹೊರಟೆ. ಬೇಡವೆಂದು ಯಾರೂ ಹೇಳಲಿಲ್ಲ. ಅತ್ತೆ ಬಾಗಿಲವರೆಗೆ ಬಂದು, “ಎಷ್ಟೊತ್ತಿಗೆ ಬರ್ತೀಯಮ್ಮ?” ಎಂದು ಕೇಳಿದರು. ಅಷ್ಟು ಮೆತ್ತಗೆ ಅವರು ನನ್ನನ್ನು ಎಂದೂ ಮಾತಾಡಿಸಿರಲಿಲ್ಲ.

ಶಾಲೆ ಹನ್ನೆರಡೂವರೆಗೆ ಬಿಡುತ್ತಿತ್ತು.

“ಹೇಳಕ್ಕಾಗಲ್ಲಮ್ಮ,” ಎಂದು ಚಪ್ಪಲಿ ಮೆಟ್ಟಿದೆ.