ಅವಳು ತಿದ್ದಿದ ಕಾದಂಬರಿಗಳು

ಲಿಂಗನಮಕ್ಕಿ ಅಣೆಕಟ್ಟಿನ ಕೆಲಸ ಮುಗಿಯುತ್ತಿದ್ದ ವರ್ಷ ನಾನು ಹೊಸನಗರಕ್ಕೆ ಎರಡನೆಯ ಹೆಂಡತಿಯಾಗಿ ಬಂದೆ. ಗಂಡ ಮದುವೆಮನೆಗಳ ಅಡುಗೆಯವರು. ಸಾಗರ, ತೀರ್ಥಹಳ್ಳಿ ಎಂದು ತಿಂಗಳಲ್ಲಿ ಇಪ್ಪತ್ತು ದಿನ ಬೇರೆಯವರ ಒಲೆಯ ಮುಂದಿರುತ್ತಿದ್ದರು. ನೈವೇದ್ಯಕ್ಕೆ ಮೊದಲು ರುಚಿ ನೋಡುವಂತಿಲ್ಲ. ಐನೂರು ಎಲೆಯ ಸಾರಿಗೂ ಹಬೆಯ ವಾಸನೆಯಲ್ಲೇ ಉಪ್ಪಿನ ಹದ ಹೇಳುತ್ತಿದ್ದರು. ಮನೆಗೆ ಬಂದರೆ ನಾನು ಬಡಿಸಿದ್ದನ್ನು ಮಾತಿಲ್ಲದೆ ಉಂಡು ಏಳುತ್ತಿದ್ದರು. ಬೈದಿದ್ದರೂ ವಾಸಿಯಿತ್ತು. ಒಂದು ಸಲ ಚೆನ್ನಾಗಿದೆ ಎನ್ನಲಿ, ನನಗೆ ಬೇಕಿದ್ದದ್ದು ಅಷ್ಟೇ.

ಅಟ್ಟದ ಟ್ರಂಕಿನಲ್ಲಿ ತೀರಿಕೊಂಡ ಮೊದಲನೆಯವಳ ಪುಸ್ತಕಗಳಿದ್ದವು. ಎಲ್ಲವೂ ಪ್ರೇಮ ಕಾದಂಬರಿಗಳೇ, ಎಲ್ಲದರಲ್ಲೂ ನಾಯಕ ಅಡುಗೆಯವನೇ. ಒಬ್ಬ ಮುಂಬಯಿಯ ಹೋಟೆಲಿನಲ್ಲಿ, ಇನ್ನೊಬ್ಬ ಅರಮನೆಯಲ್ಲಿ. ನಾಯಕಿಯರು ಸಾರಿನ ಘಮಕ್ಕೇ ಮನಸೋಲುವುದನ್ನು ಓದಿ ನಗು ಬರುತ್ತಿತ್ತು. ಅಡುಗೆಯವನ ಹೊಗೆ ಹಿಡಿದ ಅಂಗಿ ಒಗೆದಿದ್ದರೆ ಗೊತ್ತಾಗುತ್ತಿತ್ತು.

ನಗು ನಿಂತಿದ್ದು ಪೆನ್ಸಿಲಿನ ಅಕ್ಷರ ಕಂಡಾಗ. ನಾಯಕ ಸಾರು ಕುದಿಸುವ ಕಡೆಯಲ್ಲೆಲ್ಲ ಅವಳು ಅಂಚಿನಲ್ಲಿ ತಿದ್ದಿದ್ದಳು. 'ಇಷ್ಟು ಹುಳಿ ಬೇಡ.' 'ಮೆಣಸು ಕಡೆಗೆ.' ಪ್ರತಿ ಅಳತೆಯ ಪಕ್ಕದಲ್ಲೂ 'ಇಬ್ಬರಿಗೆ' ಎಂದಿತ್ತು. ಆಗಲೂ ಮನೆಯಲ್ಲಿ ಅತ್ತೆ ಇದ್ದರು, ಪಾಪ, ಅವರು ಲೆಕ್ಕಕ್ಕೇ ಇಲ್ಲ. ಒಂದು ಪುಟದಲ್ಲಿ 'ನಿನ್ನೆ ಉಪ್ಪು ಹೆಚ್ಚಾಯಿತು' ಎಂದಿತ್ತು. ಹಿಂದಿನ ದಿನ ನನ್ನ ಸಾರಿಗೆ ಉಪ್ಪು ಹೆಚ್ಚಾಗಿತ್ತು.

ಅತ್ತೆಗೆ ತೋರಿಸಿದೆ. ಅವರು ಪುಸ್ತಕವನ್ನು ಮುಟ್ಟಲಿಲ್ಲ.

"ಒಳಗಿಡು ಮಾರಾಯ್ತಿ. ಅವ್ಳು ಇದ್ದಾಗ ಇಷ್ಟೆಲ್ಲ ಬರ್ದಿದ್ದು ನಾ ನೋಡ್ಲಿಲ್ಲ."

ನನಗೆ ಹೆದರಿಕೆಯಾಯಿತು. ಆದರೆ ಹೆದರಿಕೆಗಿಂತ ಹೊಟ್ಟೆಕಿಚ್ಚು ದೊಡ್ಡದಾಗಿತ್ತು. ಗಂಡ ತೀರ್ಥಹಳ್ಳಿಯಿಂದ ಬರುವ ದಿನ ಅವಳು ತಿದ್ದಿದಂತೆಯೇ ಸಾರಿಗಿಟ್ಟೆ. ಹುಳಿ ಹಿಂಡುವಾಗ ಪುಸ್ತಕ ನೋಡಿದ್ದು ನೆನಪಿದೆ. ಆಮೇಲೆ ಕೈ ತಾನಾಗಿ ಡಬ್ಬಗಳ ಕಡೆ ಹೋಗುತ್ತಿತ್ತು. ಇಬ್ಬರಿಗೆ ಸಾಕಾಗುವಷ್ಟೇ ಆಯಿತು. ಅತ್ತೆಗೆ ಮಜ್ಜಿಗೆ ಹಾಕಿದೆ.

ಮಟಮಟ ಮಧ್ಯಾಹ್ನ. ಅವರು ಒಂದು ತುತ್ತು ಉಂಡು ಕೈ ನಿಲ್ಲಿಸಿದರು. ಎದುರಿಗೆ ಕೂತಿದ್ದ ನನ್ನನ್ನು ನೋಡಲಿಲ್ಲ. ನನ್ನ ಹಿಂದಿದ್ದ ಅಡುಗೆಮನೆಯ ಬಾಗಿಲನ್ನೇ ನೋಡಿದರು.

"ಬಂದ್ಯಾ?" ಎಂದರು.

ಅಷ್ಟು ಮೆತ್ತಗಿನ ದನಿಯಲ್ಲಿ ಅವರು ನನ್ನೊಡನೆ ಒಂದು ದಿನವೂ ಮಾತಾಡಿರಲಿಲ್ಲ. ಅವಳಲ್ಲ, ನಾನು ಎನ್ನಬೇಕಿತ್ತು. ಆ ದನಿ ಇನ್ನೊಮ್ಮೆ ಕೇಳಬೇಕೆನಿಸಿತು.

"ಹ್ಞೂಂ, ಬಂದೆ," ಎಂದೆ.