ಇಸಗೊಂಡವರಿಗೆ ಋಣ

ಕಳೆದ ವಾರ ಹುಬ್ಬಳ್ಳಿಯ ನಮ್ಮ ಪತ್ರಿಕಾ ಕಚೇರಿಯ ನೀರಿನ ಟಾಕಿ ತೊಳೆಸಿದರು. ಬ್ಲೀಚಿಂಗ್ ಪೌಡರಿನ ವಾಸನೆ ಮೆಟ್ಟಿಲಿಳಿದು ನನ್ನ ಮೇಜಿನವರೆಗೂ ಬಂತು. ಉಳಿದವರು ಕಿಟಕಿ ತೆರೆದರು. ನನಗೆ ಟ್ಯೂಶನ್ ಸರ್ ನೆನಪಾದರು. ಅವರು ತೀರಿಕೊಂಡದ್ದೂ ಅದೇ ವಾರ. ತೀರಿಕೊಂಡವರನ್ನು ಬಹುವಚನದಲ್ಲಿ ಬರೆಯುವುದು ಪತ್ರಿಕೆಯ ರೂಢಿ, ಅದನ್ನು ಪಾಲಿಸುತ್ತಿದ್ದೇನೆ. ಅದಕ್ಕಿಂತ ಹೆಚ್ಚಿನ ಗೌರವ ನನ್ನಲ್ಲಿಲ್ಲ.

ಧಾರವಾಡದಲ್ಲಿ ಅವರ ಮನೆಯ ಮಾಳಿಗೆಯ ಮೇಲೆ, ಟಾಕಿಯ ಪಕ್ಕಕ್ಕೆ ಒಂದು ತಗಡಿನ ಶೆಡ್ಡು. ಟಾಕಿಗೆ ಹಾಕಿದ ಪೌಡರಿನ ವಾಸನೆ ಸದಾ ಅಲ್ಲಿರುತ್ತಿತ್ತು. ಹತ್ತನೆಯ ತರಗತಿಯ ನಮಗೆ ಅವರು ಅಲ್ಲಿ ವಿಜ್ಞಾನ ಕಲಿಸುತ್ತಿದ್ದರು. ಕಲಿಸುತ್ತಿದ್ದರು ಎಂಬುದು ದೊಡ್ಡ ಮಾತು. ಜೇಬಿನಿಂದ ಹಣಿಗೆ ತೆಗೆದು, ಕಿಟಕಿಯ ಗಾಜು ನೋಡಿ ತಲೆ ಬಾಚಿಕೊಂಡು, ಗೈಡು ತೆರೆದು "ಬರಕೋರಿ" ಅನ್ನುತ್ತಿದ್ದರು. ಏನಾದರೂ ಕೇಳಿದರೆ "ಭಾಳ ಶಾಣ್ಯಾ ಆಗೀಯೇನು?" ಎಂಬುದೇ ಉತ್ತರ.

ನಮ್ಮಲ್ಲಿ ಅಮ್ಮಿನಬಾವಿ ಎಂಬ ಹಳ್ಳಿಯಿಂದ ಬಸ್ಸಿಗೆ ಬರುವ ಒಬ್ಬ ಹುಡುಗಿ ಇದ್ದಳು. ಪಿಯುಸಿಗೆ ಸೈನ್ಸ್ ತೆಗೆದುಕೊಳ್ಳಬೇಕೆಂಬುದು ಅವಳ ಹಟ. ಅವಳ ಅಪ್ಪ ಒಂದು ಕರಾರು ಹಾಕಿದ್ದರು: ಟ್ಯೂಶನ್ ಸರ್ ಹೂಂ ಅಂದರೆ ಮಾತ್ರ. ಇದು ನಮಗೆಲ್ಲ ಗೊತ್ತಿತ್ತು, ಸರ್‌ಗೂ ಗೊತ್ತಿತ್ತು.

ಒಂದು ದಿನ ಪಾಠ ಉಪ್ಪಿನದು. ಸೋಡಿಯಂ ಪರಮಾಣು ಒಂದು ಎಲೆಕ್ಟ್ರಾನ್ ಕೊಡುತ್ತದೆ, ಕ್ಲೋರಿನ್ ಅದನ್ನು ತೆಗೆದುಕೊಳ್ಳುತ್ತದೆ, ಎರಡೂ ಅಯಾನುಗಳಾಗುತ್ತವೆ. ಕನ್ನಡ ಮಾಧ್ಯಮದ ನಮಗೆ ಪ್ಲಸ್ ಎಂದರೆ ಧನ, ಮೈನಸ್ ಎಂದರೆ ಋಣ. ಬೋರ್ಡಿನ ಮೇಲೆ ಬರೆಯುತ್ತ ಈ ಎರಡು ಶಬ್ದಗಳಲ್ಲಿ ಸರ್ ಮುಗ್ಗರಿಸಿದರು.

"ಸೋಡಿಯಂ ಇದ್ದದ್ದನ್ನ ಕೊಟ್ಟ ಬಿಡ್ತು. ಖಾಲಿ ಕೈ ಆತು. ಅದಕ್ಕ ಅದು ಋಣ. ಕ್ಲೋರಿನ್ ಗಳಿಸ್ತು, ಅದಕ್ಕ ಧನ. ಧನ ಅಂದ್ರ ಏನಲೇ? ರೊಕ್ಕ!"

ಎಲ್ಲರೂ ನಕ್ಕರು. ಹುಡುಗಿ ಎದ್ದು ನಿಂತಳು.

"ಸರ್, ಇಸಗೊಂಡವರಿಗೆ ಋಣ ಅಲ್ರಿ? ಕೊಟ್ಟವರಿಗೆ ಹೆಂಗ ಋಣ ಆಗತೈತ್ರಿ?"

"ನಿಮ್ಮ ಅಮ್ಮಿನಬಾವ್ಯಾಗ ಹಂಗಿರಬೇಕವಾ."

ಅವಳು ಕೂರಲಿಲ್ಲ. "ಎಲೆಕ್ಟ್ರಾನಿಗೆ ಋಣ ಆವೇಶ ಅಂತ ಮೊನ್ನೆ ನೀವ ಬರಿಸೀರಿ. ಋಣ ಇದ್ದದ್ದನ್ನ ಕೊಟ್ಟರ ಋಣ ಕಡಿಮಿ ಆಗಬೇಕಲ್ರಿ? ಸೋಡಿಯಂದಾಗ ಹನ್ನೊಂದು ಪ್ರೋಟಾನು ಹಂಗ ಅದಾವು. ಎಲೆಕ್ಟ್ರಾನು ಹತ್ತು ಉಳದ್ವು. ಒಂದು ಧನ ಹೆಚ್ಚಾತು. ಕ್ಲೋರಿನ್‌ದಾಗ ಪ್ರೋಟಾನು ಹದಿನೇಳು, ಎಲೆಕ್ಟ್ರಾನು ಹದಿನೆಂಟು ಆದ್ವು. ಅಲ್ಲಿ ಋಣ ಹೆಚ್ಚು."

ಬೋರ್ಡಿನ ಎರಡು ಶಬ್ದ ಅಳಿಸಿ ಅದಲುಬದಲು ಮಾಡಿದ್ದರೆ ಮುಗಿಯುತ್ತಿತ್ತು. ಸರ್ ಹಣಿಗೆ ತೆಗೆದರು. ತಲೆ ಬಾಚಿಕೊಂಡರು. "ಪರೀಕ್ಷಾದಾಗ ಪ್ರೋಟಾನು ಎಣಿಸಿಕೋತ ಕುಂದ್ರತೀಯೇನು? ಕುಂದರು" ಅಂದರು. ಬೋರ್ಡು ಹಾಗೇ ಉಳಿಯಿತು.

ಕೆಲವು ದಿನಗಳ ನಂತರ ಅವಳ ಅಪ್ಪ ಬಂದರು. ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದು, ಶೆಡ್ಡಿನ ಬಾಗಿಲಲ್ಲೇ ನಿಂತರು.

"ಹುಡುಗಿಗೆ ಸೈನ್ಸ್ ಕೊಡಸಬೇಕಂತ ಮಾಡೇವ್ರಿ ಸರ. ನೀವು ಹೂಂ ಅಂದ್ರ..."

"ಬ್ಯಾಡ್ರಿ ಯಜಮಾನ್ರ. ಈಕಿಗೆ ಬಾಯಿ ಐತಿ, ತಲಿ ಇಲ್ಲ. ಆರ್ಟ್ಸ್ ಹಚ್ಚಿಬಿಡ್ರಿ."

"ಆತ್ರಿ. ನಿಮಗ ತಿಳದಿರತೈತಿ."

ಹುಡುಗಿ ಟಾಕಿಗೆ ಆತು ನಿಂತಿದ್ದಳು. ಅವಳ ಮುಖ ಆಗ ಹೇಗಿತ್ತೋ... ನಾನು ನೋಡಿದ್ದು ಸರ್ ಮುಖವನ್ನು. ಅದರಲ್ಲಿ ಸಿಟ್ಟಿರಲಿಲ್ಲ, ಸಮಾಧಾನವಿತ್ತು.

ಮರುವರ್ಷ ನನ್ನ ತಮ್ಮ ಅದೇ ಕ್ಲಾಸಿಗೆ ಹೋದ. ಒಂದು ಸಂಜೆ ಊಟಕ್ಕೆ ಕುಳಿತಾಗ ಬಾಯಿಪಾಠ ಒಪ್ಪಿಸಿದ: "ಕೊಟ್ಟವರಿಗೆ ಧನ, ಇಸಗೊಂಡವರಿಗೆ ಋಣ. ಸರ್ ಸ್ವಂತ ಸೂತ್ರ ಅದು." ಮುಂದೆ ಅದು ಶೆಡ್ಡಿನ ಗೋಡೆಗೆ ಏರಿತು, ಆಮೇಲೆ ಅವರ ಕೋಚಿಂಗ್ ಸೆಂಟರಿನ ಬ್ಯಾನರಿಗೆ. ಸರ್ ತಪ್ಪು ತಿದ್ದಿಕೊಂಡರು ಎಂದು ಕೆಲವರು ಹೇಳಬಹುದು. ನಾನು ಹೇಳುವುದಿಲ್ಲ. ನಮ್ಮ ಪತ್ರಿಕೆಯಲ್ಲಿ ತಪ್ಪಾದರೆ ಮರುದಿನ ತಿದ್ದುಪಡಿ ಹಾಕುತ್ತೇವೆ, ಯಾವುದು ತಪ್ಪಿತ್ತು ಎಂಬುದನ್ನೂ ಅದರಲ್ಲೇ ಹೇಳುತ್ತೇವೆ. ಅವರಿಗೆ ಕದಿಯುವಷ್ಟು ಬುದ್ಧಿ ಇತ್ತು, ಒಪ್ಪಿಕೊಳ್ಳುವಷ್ಟು ಇರಲಿಲ್ಲ.

ಎಷ್ಟೋ ವರ್ಷಗಳ ಮೇಲೆ ಧಾರವಾಡದ ಬಸ್ ನಿಲ್ದಾಣದಲ್ಲಿ ಅವಳು ಸಿಕ್ಕಿದ್ದಳು. ಬಿ.ಎ. ಮುಗಿಸಿ, ಊರಿಗೆ ಹತ್ತಿರದ ಬೇಲೂರು ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ಪ್ಯಾಕಿಂಗ್ ಕೆಲಸಕ್ಕೆ ಸೇರಿದ್ದಳು. ಬ್ಯಾನರಿನ ಸುದ್ದಿ ಹೇಳಿದೆ. ಅವಳು ನಕ್ಕಳು.

"ಅದಿರ್ಲಿ, ಅವತ್ತಿನ ಬೋರ್ಡ್ ಅಳಿಸಿದ್ನೇನೋ ಅಂವ?"

ಬಸ್ಸು ಬಂತು. ಆಮೇಲೆ ಅವಳು ಎಲ್ಲಿ ಹೋದಳೋ... ನನಗೆ ತಿಳಿಯಲಿಲ್ಲ.

ಟಾಕಿ ತೊಳೆದ ಸಂಜೆ ಸರ್ ಶ್ರದ್ಧಾಂಜಲಿ ಸಭೆಯ ವರದಿ ನನ್ನ ಮೇಜಿಗೆ ಬಂತು. ಎರಡನೆಯ ಪ್ಯಾರಾದಲ್ಲಿ ಆ ಸೂತ್ರ, ಅದರ ಹಿಂದೆ "ಅವರೇ ರೂಪಿಸಿದ" ಎಂಬ ಮಾತು. ವರದಿಗಾರನನ್ನು ಕರೆದೆ.

"ಇದು ಅವರದು ಅಂತ ಯಾರು ಹೇಳಿದ್ರು?"

"ಎಲ್ಲಾರೂ ಹೇಳಿದ್ರು ಸರ್. ಸಭಾದಾಗ ಚಪ್ಪಾಳಿ ಬಿತ್ತರಿ."

ಆ ಸಾಲು ತೆಗೆದೆ. ವರದಿ ಒಂದು ಸಾಲು ಗಿಡ್ಡವಾಯಿತು, ಸುಳ್ಳು ಉಳಿಯಲಿಲ್ಲ. ಅದು ಯಾರದು ಎಂದು ಬರೆಯಲು ಶ್ರದ್ಧಾಂಜಲಿಯ ವರದಿಯಲ್ಲಿ ಜಾಗವಿರುವುದಿಲ್ಲ. ಸರ್ ಹೋದದ್ದು ನನಗೆ ನಷ್ಟವೆನಿಸಲಿಲ್ಲ. ಆದರೆ ಪ್ರೋಟಾನು ಎಣಿಸಿ ನೋಡದೆ ಯಾರ ಮಾತನ್ನೂ ನಂಬದಿದ್ದ ಆ ಹುಡುಗಿ ಒಂದು ದಿನವೂ ಪ್ರಯೋಗಶಾಲೆಯ ಮೇಜಿನ ಮುಂದೆ ನಿಲ್ಲಲಿಲ್ಲ... ಇದಕ್ಕೆ ತಿದ್ದುಪಡಿ ಹಾಕಲು ಬರುವುದಿಲ್ಲ.