ಡಯಾನಿ ಬಿಟ್ಟು ಮೆಕ್ಸಿಕೊಗೆ

ನೈರೋಬಿಯ ಲಂಗಾಟಾದಲ್ಲಿ ನಾನು ಉಳಿದುಕೊಂಡಿರುವುದು ವನಜಕ್ಕನ ಮನೆಯಲ್ಲಿ. ಅವರೂ ಗಂಡ ರಮೇಶರೂ ಪ್ರತಿ ವರ್ಷ ರಜೆಗೆ ಹೋಗುವುದು ಮೆಕ್ಸಿಕೊದ ಕಡಲ ದಡದಲ್ಲಿರುವ ಒಂದೇ ಪುಟ್ಟ ಊರಿಗೆ. ಅಲ್ಲಿಗೆ ವಿಮಾನ ಬದಲಿಸುತ್ತ ಬದಲಿಸುತ್ತ ಹೋಗಬೇಕು. ಈ ಸಲ ಕನ್ನಡ ಸಂಘದವರೆಲ್ಲ ಒಟ್ಟಾಗಿ ಕೀನ್ಯಾದ್ದೇ ಆದ ಡಯಾನಿ ಬೀಚಿಗೆ ಹೊರಟಿದ್ದಾರೆ. ಬರುತ್ತೇವೋ ಇಲ್ಲವೋ ಎಂದು ಇವರು ಇವತ್ತು ತಿಳಿಸಬೇಕು.

“ಸಮುದ್ರ ಎಲ್ಲಾದ್ರೂ ಸಮುದ್ರಾನೇ ಕಣೇ. ಹೂಂ ಅಂದ್ಬಿಡ್ಲಾ?” ಎಂದರು ರಮೇಶ್, ಇಡ್ಲಿ ಮುರಿಯುತ್ತಾ.

ವನಜಕ್ಕ ನನಗೆ ಫೋನಿನಲ್ಲಿ ಮೆಕ್ಸಿಕೊದ ಆ ಊರಿನ ಒಂದು ಫೋಟೊ ತೋರಿಸಿದರು. ಮರಳಿನ ಮೇಲೊಂದು ಗೂಡಂಗಡಿ, ವನಜಕ್ಕನ ಕೈಯಲ್ಲಿ ಹುರಿದ ಮೀನಿನ ತಟ್ಟೆ. ಮೊಟ್ಟೆ ಕೂಡ ಒಳಗೆ ಬರದ ಮನೆ ಇದು.

“ಆ ಊರಲ್ಲಿ ಮಾತ್ರ,” ಎಂದರು.

“ಡಯಾನೀಲಿ ಮೀನು ಸಿಗಲ್ವಾ ಅಕ್ಕ?”

“ಸಿಗತ್ತೆ. ಸಂಘದೋರೂ ಸಿಗ್ತಾರೆ.”

ಅರ್ಥವಾಯಿತು ಅಂದುಕೊಂಡೆ. ಅಷ್ಟರಲ್ಲಿ ಮಗಳು ದಿಯಾ, “ಬಟ್ ಮಮ್ಮಿ, ಲಾಸ್ಟ್ ಟೈಮ್ ಯು ಡಿಡಂಟ್ ಈವನ್ ಟಚ್ ಇಟ್!” ಎಂದು ನಕ್ಕಳು. ಹೋದ ಸಲ ವನಜಕ್ಕ ಮೀನು ಮುಟ್ಟಿಯೇ ಇರಲಿಲ್ಲವಂತೆ.

“ಮತ್ತೆ ಅಷ್ಟು ದೂರ ಯಾಕೇ?” ಎಂದರು ರಮೇಶ್.

“ಅಲ್ಲಿ ಬೇಡ ಅಂದಿದ್ದು ನಾನು ಕಣ್ರೀ. ಇಲ್ಲಾದ್ರೆ ಎಲ್ರೂ ಸೇರಿ ನಂಗೆ ಬೇಡ ಅಂತಾರೆ.”

ರಮೇಶ್ ಈ ಸಲ ನಾವು ಬರುತ್ತಿಲ್ಲ ಎಂದು ಸಂಘದವರಿಗೆ ಮೆಸೇಜು ಕಳಿಸಿ, ವನಜಕ್ಕ ಒಳಗೆ ಹೋದ ಮೇಲೆ ನನ್ನತ್ತ ಬಾಗಿದರು.

“ನಿಂಗೇನಾದ್ರೂ ಅರ್ಥ ಆಯ್ತೇನಮ್ಮಾ?”

ಇಲ್ಲವೆಂದು ತಲೆಯಾಡಿಸಿದೆ.